ಪರಮಣ್ಣ ಹಾಲು ಕಾಸಿದ್ದು

ಪರಮಣ್ಣನ ಅಂಗೈಗೆ ಬಿಸಿ ತಾಗುತ್ತಿರಲಿಲ್ಲ. ಇದೊಂದು ದೊಡ್ಡ ಹೆಗ್ಗಳಿಕೆಯೆಂದೇ ಅವನು ಬಹಳ ದಿನ ತಿಳಿದಿದ್ದ. ಗೋವಾದ ಮುರ್ಗಾಂವ್ ಬಂದರಿನಲ್ಲಿ ಹಡಗಿನಿಂದಿಳಿಯುವ ಕಲ್ಲಿದ್ದಲನ್ನು ಸಲಿಕೆಯಲ್ಲಿ ಬಾಚಿ ಬಾಚಿ ಅವನ ಅಂಗೈ ಎಮ್ಮೆಯ ಚರ್ಮದಷ್ಟು ದಪ್ಪಗಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದ. ಬೀಡಿಗೆ ಬೆಂಕಿ ಕೇಳಿದವರಿಗೆ ಕೆಂಡವನ್ನೇ ಕೈಯಲ್ಲಿ ಎತ್ತಿ ಕೊಡುತ್ತಿದ್ದ. ದೇವರು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಕೊಡುತ್ತಾನೆ. ಕೆಲವರಿಗೆ ಸಂಗೀತ, ಕೆಲವರಿಗೆ ರಾಜಕಾರಣ, ಪರಮಣ್ಣನಿಗೆ ಇದು.

ವಿದ್ಯೆ ಮೋಸ ಮಾಡಿದ್ದು ಅತ್ತೆಯ ಮನೆಯಲ್ಲಿ. ಹೆಂಡತಿ ಗೀತಾಂಜಲಿ ಚೊಚ್ಚಲ ಬಾಣಂತನಕ್ಕೆಂದು ಇಂಡಿ ಕಡೆಯ ತನ್ನ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿತು. ಮುತ್ತು ಎಂದು ಹೆಸರಿಟ್ಟರು. ಬಾಣಂತಿಗೆ ಜ್ವರ ಬಂದು ಎದೆಹಾಲು ಬತ್ತಿದ್ದರಿಂದ ಕೂಸಿಗೆ ಬಾಟಲಿ ಹಾಲು ಶುರುವಾಯಿತು. ಐದು ತಿಂಗಳು ತುಂಬಿದ ಮೇಲೆ ತಾಯಿ-ಮಗಳನ್ನು ಕರೆದುಕೊಂಡು ಬರಲು ಪರಮಣ್ಣ ಹೊಸ ಅಂಗಿ ತೊಟ್ಟು ಹೊರಟ. ಅಳಿಯ ಬಂದನೆಂದು ಹೋಳಿಗೆಗೆ ಇಟ್ಟರು. ಮನೆಯವರೆಲ್ಲ ಹೋಳಿಗೆಯ ಗಡಿಬಿಡಿಯಲ್ಲಿದ್ದಾಗ ಕೂಸು ಅತ್ತಿತು. ಅತ್ತೆ ಬಾಳಮ್ಮ ಹೂರಣದ ಕೈಯಲ್ಲೇ ಕೂಗಿ ಹೇಳಿದಳು.

"ಅಳಿಯಾರ, ಒಲಿ ಮ್ಯಾಲೆ ಬಿಸಿನೀರು ಐತಿ. ಅದರಾಗ ಬಾಟ್ಲಿ ಇಟ್ಟು ಹಾಲು ಬೆಚ್ಚಗ ಮಾಡಿ ಕುಡಸ್ರಿ. ಮೊದಲ ಕೈಮ್ಯಾಲೆ ಒಂದ್ ಹನಿ ಬಿಟ್ಟು ನೋಡ್ರಿ ಮತ್ತ!"

ನೀರು ಕೊತಕೊತ ಕುದಿಯುತ್ತಿತ್ತು. ಪರಮಣ್ಣ ಬಾಟಲಿಯನ್ನು ಅದರಲ್ಲಿ ಮುಳುಗಿಸಿ, ಒಂದು ಬೀಡಿ ಸೇದಿ ಬಂದು, ಬರಿಗೈಯಿಂದ ತೆಗೆದ. ಹೇಳಿದ ಮಾತು ಮೀರುವ ಅಳಿಯನಲ್ಲ ಅವನು. ಒಂದು ಹನಿ ಎಂದರೆ ಐದು ಹನಿ ಅಂಗೈಗೆ ಬಿಟ್ಟುಕೊಂಡು, ಪಂಚಾಂಗ ನೋಡುವವರ ಹಾಗೆ ಕಣ್ಣು ಕಿರಿದು ಮಾಡಿ, "ತಣ್ಣಗೈತ್ರಿ ಅತ್ತಿ," ಎಂದು ತೀರ್ಪು ಕೊಟ್ಟ. ಕೂಸಿನ ಬಾಯಿಗೆ ಬಾಟಲಿ ಇಟ್ಟ ಮರುಗಳಿಗೆಯಲ್ಲಿ ಹೊರಟ ಚೀರಾಟಕ್ಕೆ ಓಣಿಯೆಲ್ಲ ಬಂದು ನಿಂತಿತು.

ದೇವರು ದೊಡ್ಡವನು. ಕೆಳತುಟಿಯ ಮೇಲೆ ಎಳ್ಳುಕಾಳಿನಷ್ಟು ಗುಳ್ಳೆ ಎದ್ದಿತ್ತು, ಅಷ್ಟೆ. ಆದರೆ ಹೆಣ್ಣುಕೊಟ್ಟವರ ಮನೆಯಲ್ಲಿ ಎಳ್ಳುಕಾಳು ಕುಂಬಳಕಾಯಾಗಲು ಎಷ್ಟು ಹೊತ್ತು ಬೇಕು? ಬಾಳಮ್ಮ ಹತ್ತು ಮಂದಿಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಅಳಿಯಾರ, ನಿಮಗ ಕೂಸಿಗೆ ಹಾಲು ಕಾಸಾಕ ಬಂದ ದಿನ ಬರ್ರಿ. ಅಲ್ಲೀತನಾ ತಾಯಿ-ಮಗಳು ನನ್ನ ಹಂತ್ಯಾಕ ಇರ್ತಾರ."

ಪರಮಣ್ಣನಿಗೆ ಈ ಮಾತು ನೋಯಲಿಲ್ಲ. ಗೀತಾಂಜಲಿ ಕೂಸಿನ ತುಟಿಗೆ ತುಪ್ಪ ಸವರುತ್ತ ಕೂತವಳು ತಲೆ ಎತ್ತಿ ಅವನ ಕಡೆ ನೋಡಲೇ ಇಲ್ಲವಲ್ಲ, ಅದು ನೋಯಿತು. ಹೋಳಿಗೆ ತಿನ್ನದೆ ಬಸ್ಸು ಹತ್ತಿದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುವ ಕನಸು ಕಂಡಿದ್ದ ದಾರಿಯುದ್ದಕ್ಕೂ ಯಾರದೋ ಉಳ್ಳಾಗಡ್ಡಿಯ ಚೀಲ ಅವನ ತೊಡೆಗೆ ಒರಗಿಕೊಂಡು ಬಂತು.

ಅವನಿದ್ದದ್ದು ಸಡಾದ ಗುಡ್ಡದ ಮೇಲಿನ ತಗಡಿನ ಖೋಲಿಯಲ್ಲಿ. ಬಾಗಿಲು ತೆರೆದರೆ ಕೆಳಗೆ ಬಂದರು, ಹಡಗು, ಸಮುದ್ರ. ಬಾಗಿಲು ಮುಚ್ಚಿದರೆ ಅವನೊಬ್ಬನೇ. ಸಡಾದಲ್ಲಿ ಕನ್ನಡ ಮಾತಿಗೆ ಬರವಿಲ್ಲ, ಓಣಿ ತುಂಬ ನಮ್ಮ ಕಡೆಯವರೇ. ಆದರೆ ಎಲ್ಲರಿಗೂ ಹೆಂಡತಿ, ಮಕ್ಕಳು, ನಳದ ನೀರಿನ ಜಗಳ. ಹೆಂಡತಿಯಿಲ್ಲದ ಗಂಡಸಿನ ಜೊತೆ ನೀರಿಗಾಗಿ ಜಗಳವಾಡಲೂ ಯಾರೂ ಬರುವುದಿಲ್ಲ. ಡ್ಯೂಟಿ ಮುಗಿಸಿ ಬಂದು, ಮೈಯ ಕರಿ ತೊಳೆದು, ಅನ್ನಕ್ಕಿಟ್ಟು ಕೂತರೆ ಅವನ ಹೆಸರು ಹಿಡಿದು ಕರೆಯುವವರು ಬೆಳಗಿನ ತನಕ ಇರುತ್ತಿರಲಿಲ್ಲ. ಹಡಗು ಕೂಗಿದರೂ ತನ್ನನ್ನೇ ಕರೆಯಿತೇನೋ ಎಂದು ತಿರುಗಿ ನೋಡುವ ಹಂತಕ್ಕೆ ಬಂದಿದ್ದ.

ಮತ್ತೆ ಕರೆಯಲು ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಬಾಳಮ್ಮನ ಬಳಿ ಪಂಚಾಂಗವಿತ್ತು. ಮೊದಲು ಆಷಾಢ ಬಂತು, ಆಮೇಲೆ ಶ್ರಾವಣ, ಆಮೇಲೆ ಪಿತೃಪಕ್ಷ. ಕೂಸಿಗೆ ಎಂಟನೆಯ ತಿಂಗಳು ಸರಿಸಂಖ್ಯೆ, ಆಗದು. ಒಂಬತ್ತಕ್ಕೆ ಆಕೆಯ ಮೊಣಕಾಲು ನೋವು. ಇನ್ನು ಫೋನು. ಮೈಬೂಬಸಾಬನ ಕಿರಾಣಿ ಅಂಗಡಿಯ ಕೆಂಪು ಡಬ್ಬಿಗೆ ನಾಣ್ಯ ಹಾಕಿ ಹಚ್ಚಬೇಕು. ಒಂದು ನಾಣ್ಯಕ್ಕೆ ಗೋವಾದಿಂದ ಇಂಡಿಯ ತನಕ ಮಾತು ಬಹಳ ಹೊತ್ತು ನಡೆಯುವುದಿಲ್ಲ. ಬಾಳಮ್ಮ ಫೋನೆತ್ತಿ, "ಹಾಲು ಕಾಸಾಕ ಬಂತೇನ್ರಿ?" ಎಂದು ಕೇಳಿ, ಇವನು "ಕಲ್ಯಾಕತ್ತೇನ್ರಿ," ಎನ್ನುವಷ್ಟರಲ್ಲಿ ಟೂಂ ಟೂಂ ಎನ್ನುತ್ತಿತ್ತು. ಮಗಳು ಹೇಗಿದ್ದಾಳೆಂದು ಕೇಳುವ ಸರದಿ ಬರುತ್ತಲೇ ಇರಲಿಲ್ಲ.

ಕಲಿಯುತ್ತಿದ್ದೇನೆ ಎಂದ ಮೇಲೆ ಕಲಿಯಬೇಕಲ್ಲ? ದೀಪಾವಳಿಯ ಮರುದಿನ ವಾಸ್ಕೋಗೆ ಹೋಗಿ ಔಷಧಿ ಅಂಗಡಿಯಲ್ಲಿ ಒಂದು ಹಾಲಿನ ಬಾಟಲಿ ಕೊಂಡ. ಆನೆಯ ಚಿತ್ರವಿದ್ದದ್ದು ಬೇಕೋ, ಮೊಲದ್ದು ಬೇಕೋ ಎಂದು ಕೇಳಿದಾಗ ಬಹಳ ಯೋಚಿಸಿ ಆನೆಯದನ್ನೇ ಆರಿಸಿದ. ಅಂದಿನಿಂದ ದಿನಾ ಸಂಜೆ ಬಾಟಲಿ, ನಿಪ್ಪಲನ್ನು ಕುದಿಸಿ ತೊಳೆಯುವುದು, ಪಾಕೀಟಿನ ಹಾಲು ಕಾಯಿಸಿ ಆರಿಸುವುದು, ಬಾಟಲಿಗೆ ತುಂಬುವುದು, ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ನಿಲ್ಲಿಸುವುದು, ಅಲುಗಾಡಿಸುವುದು. ಎಲ್ಲ ಸರಿ. ಬೆಚ್ಚಗಾಯಿತೋ ಸುಡುತ್ತಿದೆಯೋ ಎಂದು ಗೊತ್ತಾಗುವುದು ಹೇಗೆ? ಅಂಗೈ ಆಗಲೇ ಸಾಕ್ಷಿ ಕಟಕಟೆಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದಿತ್ತು. ಮೊಣಕಾಲ ಮೇಲೆ ಹನಿಸಿದ, ತಿಳಿಯಲಿಲ್ಲ. ಕೆನ್ನೆಯ ಮೇಲೆ ಹನಿಸಿದರೆ ಗಡ್ಡದಲ್ಲಿ ಮಾಯವಾಯಿತು. ಹೊಟ್ಟೆಯ ಮೇಲೆ ಹನಿಸಿಕೊಂಡಾಗ ಸುಟ್ಟಿತು ಅನ್ನಿಸಿತು. ಆದರೆ ಮಗಳು ಅತ್ತಾಗಲೆಲ್ಲ ಅತ್ತೆಯ ಮುಂದೆ ಅಂಗಿ ಎತ್ತಿ ನಿಲ್ಲುವುದು ಮರ್ಯಾದಸ್ಥರ ಲಕ್ಷಣವಲ್ಲ.

ಕೊನೆಗೆ ಬಾಟಲಿ ಹಿಡಿದುಕೊಂಡು ಮೈಬೂಬಸಾಬನ ಅಂಗಡಿಗೇ ನಡೆದ. ಸಕ್ಕರೆ ತೂಗಿ ಜೀವನ ಕಳೆದ ಆ ಮುದುಕನ ಕೈ ಮೆತ್ತಗಿದ್ದೀತು ಎಂಬ ಲೆಕ್ಕಾಚಾರ.

"ಚಾಚಾ, ಒಂದೀಟು ಕೈ ಕೊಡ್ರಿ."

"ಯಾಕೋ? ಲಗ್ನಾ ಮಾಡ್ಕೊಂತಿಯೇನು?"

"ಹಾಲು ಸುಡತೈತೇನು ನೋಡ್ರಿ."

ಮೈಬೂಬಸಾಬ ಅವನ ಕೈಯ ಬಾಟಲಿಯನ್ನು ನೋಡಿದ, ಬಾಟಲಿಯ ಆನೆಯನ್ನು ನೋಡಿದ, ಮುಖವರಳಿಸಿದ. "ಅಂಗೈ ಅಲ್ಲೋ ಮಳ್ಳಾ, ನಾಡಿ ಹಿಡಿಯೋ ಜಾಗಾದಾಗ ಹನಿಸಬೇಕು. ಅಲ್ಲಿ ತೊಗಲು ತೆಳ್ಳಗಿರತೈತಿ. ಹಾಂ, ಬರೋಬ್ಬರಿ ಐತಿ, ಒಯ್ದು ಕುಡಸು. ಕೂಸು ಬಂತೇನು?"

ಇಲ್ಲ ಎನ್ನಲು ಪರಮಣ್ಣ ಬಾಯಿ ತೆರೆದ. ಕೂಸಿಲ್ಲದ ಮನೆಯಲ್ಲಿ ದಿನಾ ಬಾಟಲಿ ಹಾಲು ಯಾಕೆ ಕಾಸುತ್ತೀ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಬೇಕಾದರೆ ಅತ್ತೆ, ತುಟಿ, ಗುಳ್ಳೆ, ಎಲ್ಲವನ್ನೂ ನಾಲ್ಕು ಮಂದಿ ಗಿರಾಕಿಗಳ ಮುಂದೆ ಬಿಚ್ಚಬೇಕು. "ಹೂಂ," ಎಂದುಬಿಟ್ಟ. ಒಂದಕ್ಷರದ ಸುಳ್ಳು. ಇದಕ್ಕಿಂತ ಚಿಕ್ಕ ಸುಳ್ಳನ್ನು ಹೇಳಲು ಕನ್ನಡದಲ್ಲಿ ಸೌಕರ್ಯವಿಲ್ಲ.

ಅವನು ಖೋಲಿಗೆ ಬಂದು ಆ ಹಾಲನ್ನು ಲೋಟಕ್ಕೆ ಸುರಿದು ತಾನೇ ಕುಡಿದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ದುರ್ಗಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಬೈನಾದ ಸಮುದ್ರ ದಂಡೆಯಲ್ಲಿ ಮಣಿಸರ, ಕನ್ನಡಿ ಹಚ್ಚಿದ ಚೀಲ ಮಾರುವ ಹೆಂಗಸು. ಫಾರಿನ್ ಮಂದಿಯನ್ನೇ ಮಾತಲ್ಲಿ ಕಟ್ಟಿಹಾಕುವವಳು, ಪರಮಣ್ಣ ಯಾವ ಲೆಕ್ಕ.

"ಏನಪಾ ಪರಮಣ್ಣಾ, ಕೂಸು ಬಂದೈತಂತ! ಎಲ್ಲೈತಿ?"

"ಮಲಗೈತ್ರಿ ದುರ್ಗಕ್ಕಾ."

"ತಾಯಿ ಎಲ್ಲಿ?"

"ಆಕಿ ಊರಾಗ ಅದಾಳ್ರಿ."

"ಮತ್ತ ನೀ ಡ್ಯೂಟಿಗೆ ಹ್ವಾದಾಗ ಕೂಸಿನ್ನ ಯಾರು ನೋಡ್ತಾರ?"

"ನೋಡಾವ್ರು ಅದಾರ್ರಿ," ಎಂದ ಪರಮಣ್ಣ. ಅವನ ಮನಸ್ಸಿನಲ್ಲಿದ್ದದ್ದು ಬಾಳಮ್ಮ. ದುರ್ಗಾಬಾಯಿಯ ಮನಸ್ಸಿಗೆ ಬಂದದ್ದು ಬೇರೆ ಯಾರೋ ಹೆಂಗಸು. ಅವಳು ಖೋಲಿಯೊಳಗೆ ಒಮ್ಮೆ ಕಣ್ಣಾಡಿಸಿ, ಏನನ್ನೋ ಪೂರ್ತಿ ಅರ್ಥ ಮಾಡಿಕೊಂಡವಳ ಹಾಗೆ, "ಇರಲಿ ಬಿಡಪಾ. ಕೂಸು ಏನ್ ಪಾಪ ಮಾಡೈತಿ," ಎಂದು ಹೊರಟುಹೋದಳು.

ಮರುದಿನದಿಂದ ಪರಮಣ್ಣನ ಬಾಗಿಲಿಗೆ ಜನ ಬರತೊಡಗಿದರು. ಒಬ್ಬಳು ತಲೆಗೆ ಹಳೆಯ ಕುಲಾಯಿ ತಂದಳು, ಒಬ್ಬಳು ಗ್ರೈಪ್ ವಾಟರ್, ಒಬ್ಬಳು ದೃಷ್ಟಿಗೆ ಕರಿಮಣಿ. ಕೂಸಿಗೆಂದು ಬಂದವರು ಒಂದು ನಿಮಿಷ ಕೂತು ಇವನನ್ನೂ ವಿಚಾರಿಸುತ್ತಿದ್ದರು. ಉಂಡಿಯಾ? ಮೈಯಾಗ ಆರಾಮಿದ್ದಿಯಾ? ಎಷ್ಟು ಸೊರಗಿದಿ ನೋಡು! ಯಾರೋ ಬದನೆಕಾಯಿ ಪಲ್ಯ ಕಳಿಸಿದರು. ಕೂಸು ಯಾವಾಗ ಕೇಳಿದರೂ ಮಲಗಿರುತ್ತಿತ್ತು, ಪಿಸುಮಾತಲ್ಲೇ ಮಾತು. ಇವನಿಗೆ ಸುಳ್ಳಿನ ಭಯವಾಗಬೇಕಾಗಿತ್ತು, ಭಯವಾಗಲಿಲ್ಲ, ಸುಖವಾಯಿತು. ಎಷ್ಟೋ ತಿಂಗಳ ಮೇಲೆ ಅವನ ಖೋಲಿಯಲ್ಲಿ ಎರಡನೆಯ ಲೋಟಕ್ಕೆ ಕೆಲಸ ಬಂದಿತ್ತು. ಡ್ಯೂಟಿಯಿಂದ ಬರುವಾಗ ಕಾಲುಗಳು ತಾವಾಗಿಯೇ ಜೋರಾಗಿ ಗುಡ್ಡ ಹತ್ತುತ್ತಿದ್ದವು.

ಒಂದು ಸಂಜೆ ದುರ್ಗಾಬಾಯಿ ಹಳೆಯ ಸೀರೆ ತಂದು, ಇವನನ್ನು ಕೇಳದೆ, ಮೇಲಿನ ಜಂತೆಗೆ ತೊಟ್ಟಿಲು ಕಟ್ಟಿ, "ನೆಲದ ಮ್ಯಾಲೆ ಮಲಗಿಸಬ್ಯಾಡ, ಥಂಡಿ ಹತ್ತತೈತಿ. ಮೂಲ್ಯಾಗ ಮಲಗೈತಲ್ಲ, ಎದ್ದಮ್ಯಾಲೆ ಇದರಾಗ ಹಾಕು," ಎಂದು ಮೂಲೆಯ ಕೌದಿ ಗಂಟಿಗೆ ದೃಷ್ಟಿ ತೆಗೆದು ಹೋದಳು. ಅವಳು ಹೋದ ಮೇಲೆ ಪರಮಣ್ಣ ತೊಟ್ಟಿಲನ್ನು ನೋಡುತ್ತ ಕೂತ. ಕೈ ಸುಮ್ಮನಿರದೆ ಒಮ್ಮೆ ತೂಗಿದ. ತಕ್ಷಣ ಹಿಡಿದು ನಿಲ್ಲಿಸಿದ. ಖಾಲಿ ತೊಟ್ಟಿಲು ತೂಗಬಾರದು! ಅದು ಕೂಸಿಗೆ ಒಳ್ಳೆಯದಲ್ಲ, ಕೂಸು ಇಂಡಿಯಲ್ಲೇ ಇರಲಿ, ಎಲ್ಲೇ ಇರಲಿ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಏನನ್ನು? ಗುಂಡುಕಲ್ಲನ್ನು. ಶಾಸ್ತ್ರವಿದೆಯಲ್ಲ ಎಂದು ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಟವೆಲಿನಲ್ಲಿ ಸುತ್ತಿ ಮಲಗಿಸಿದ. ಬೋಳುತಲೆ ಚೆನ್ನಾಗಿ ಕಾಣಲಿಲ್ಲವೆಂದು ಮೇಲೆ ಕುಲಾಯಿ ಹಾಕಿದ.

ಮರುದಿನ ದುರ್ಗಾಬಾಯಿ ಬಂದು ಸೀರೆಯ ಹೊರಗಿನಿಂದಲೇ ತಟ್ಟಿ ನೋಡಿದಳು. "ಅಯ್ ಶಿವನಾ! ಏನ್ ವಜ್ಜಿ ಐತೋ ಕೂಸು! ಬಾಟ್ಲಿ ಹಾಲಿಗೆ ಇಷ್ಟು ಗಟ್ಟಿಯಾಗೈತಿ ಅಂದ್ರ ನಿನ್ನ ಕೈಗುಣ ನೋಡು." ಎಂದು ಹೊಗಳಿ, ಕೂತು, ಎರಡು ಜೋಗುಳವನ್ನು ಪೂರ್ತಿ ಹಾಡಿದಳು. ಪರಮಣ್ಣ ಬಾಗಿಲಿಗೊರಗಿ ಕೇಳುತ್ತಿದ್ದವನು ಹೊರಗೆ ಹೋಗಿ ಕಣ್ಣೊರೆಸಿಕೊಂಡ. ಎಷ್ಟೆಂದರೂ ಅದು ಅವನ ಮಗಳ ಜೋಗುಳ.

ಹುಮ್ಮಸ್ಸು ಹೆಚ್ಚಾದರೆ ಮನುಷ್ಯ ಫೋನು ಮಾಡುತ್ತಾನೆ. ಸಂಕ್ರಾಂತಿ ಕಳೆದ ಮೇಲೆ ಇವನೂ ಮಾಡಿದ. ಅದೃಷ್ಟಕ್ಕೆ ಗೀತಾಂಜಲಿಯೇ ಎತ್ತಿದಳು.

"ಗೀತಾ! ನನಗೀಗ ಹಾಲು ಕಾಸಾಕ ಪಕ್ಕಾ ಬರತೈತಿ. ದಿನಾ ಸಂಜೀಕ ಬಾಟ್ಲಿ ಹಾಲು ಮಾಡಾಕತ್ತೇನಿ. ಓಣ್ಯಾಗ ಎಲ್ಲಾರೂ ಹೊಗಳ್ತಾರ!"

"ಯಾರ ಕೂಸಿಗೆ?" ಎಂದಳು ಗೀತಾಂಜಲಿ.

ಟೂಂ ಟೂಂ ಟೂಂ.

ಜೇಬಿನಲ್ಲಿ ಇನ್ನೊಂದು ನಾಣ್ಯವಿರಲಿಲ್ಲ. ಅಂಗಡಿಯಲ್ಲೂ ಚಿಲ್ಲರೆ ಮುಗಿದಿತ್ತು, ತರಲು ಖೋಲಿಗೆ ಓಡಿದ. ಅಷ್ಟರಲ್ಲಿ ಆ ಕಡೆಯಿಂದಲೇ ಡಬ್ಬಿ ರಿಂಗಾಯಿತು, ಮೈಬೂಬಸಾಬ ಎತ್ತಿದ. ಒಂದು ಹೆಣ್ಣು ದನಿ ಪರಮಣ್ಣನ ಬಗ್ಗೆ ಕೇಳಿತು. ಯಾರ ಬಗ್ಗೆಯೂ ಕೆಟ್ಟದ್ದು ಆಡಿದವನಲ್ಲ ಮೈಬೂಬಸಾಬ. "ಭಾಳ ಚಲೋ ಮನಷ್ಯಾ ಅದಾನವಾ. ಮನ್ಯಾಗ ತೊಟ್ಟಿಲಾ ಕಟ್ಟ್ಯಾನ, ತಾನಽ ಹಾಲು ಕಾಸಿ ಕುಡಸ್ತಾನ. ಹಗಲೊತ್ತು ಯಾರೋ ಹೆಣಮಗಳು ಬಂದು ನೋಡ್ಕೊಂತಾಳಂತ," ಎಂದು ಪ್ರಶಸ್ತಿಪತ್ರ ಓದಿದ. ಆ ಕಡೆ ಫೋನು ಕುಕ್ಕಿದ ಸದ್ದಾಯಿತು. ಪರಮಣ್ಣ ಚಿಲ್ಲರೆಯೊಂದಿಗೆ ಬಂದು ಹಚ್ಚಿದರೆ ಯಾರೂ ಎತ್ತಲಿಲ್ಲ. ಆಮೇಲೆ ನಾಲ್ಕು ದಿನ ಹಚ್ಚಿದರೂ ಎತ್ತಲಿಲ್ಲ.

ಐದನೆಯ ದಿನ ಪೋಲಿಯೋ ಹನಿ ಹಾಕುವ ನರ್ಸಬಾಯಿ ಮನೆಮನೆಗೆ ಬಂದಳು. ಗೋವಾದ ಕಡೆಯವಳು, ಹೆಗಲಿಗೆ ಐಸಿನ ಡಬ್ಬಿ, ಕೈಯಲ್ಲಿ ಸೀಮೆಸುಣ್ಣ. ದುರ್ಗಾಬಾಯಿ ಅವಳನ್ನು ನೇರ ಪರಮಣ್ಣನ ಬಾಗಿಲಿಗೇ ಕರೆತಂದಳು.

"ಭುರ್ಗೆಂ ಖಂಯ್ ಆಸಾ? ಬಚ್ಚಾ ಕಿಧರ್?" ಎಂದಳು ನರ್ಸಬಾಯಿ.

"ಮಲಗೈತ್ರಿ," ಎಂದ ಪರಮಣ್ಣ, ರೂಢಿಯ ಬಲದಿಂದ.

ಎಬ್ಬಿಸು, ಎರಡೇ ಹನಿ, ಮತ್ತೆ ಮಲಗುತ್ತದೆ ಎಂದು ಅವಳು ಒಳಗೆ ಕಾಲಿಟ್ಟಳು. ಪರಮಣ್ಣ ತೊಟ್ಟಿಲಿಗೆ ಅಡ್ಡ ನಿಂತ. "ಇಲ್ರೀ, ಊರಿಗೆ ಹೋಗೈತಿ!"

"ಈಗರ ಮಲಗೈತಿ ಅಂದೆಲ್ಲೋ?" ಎಂದಳು ದುರ್ಗಾಬಾಯಿ.

"ಊರಾಗ ಮಲಗೈತಿ."

ನರ್ಸಬಾಯಿಗೆ ಕನ್ನಡ ಬರದಿದ್ದರೂ ಗಂಡಸು ಬೆವರುವುದು ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ಅವಳು ಬಾಗಿಲಿಗೆ ಸೀಮೆಸುಣ್ಣದಿಂದ ಒಂದು ದೊಡ್ಡ ಅಡ್ಡಗೀಟು ಎಳೆದಳು. ಈ ಮನೆಯಲ್ಲಿ ಕೂಸಿದೆ, ಹನಿ ಹಾಕಿಲ್ಲ ಎಂದು ಅದರ ಅರ್ಥ. ನಾಳೆ ಬರುತ್ತೇನೆ, ಕೂಸು ಇರಲಿ ಎಂದು ಬೆರಳು ತೋರಿಸಿ ಹೋದಳು.

ಸಂಜೆಯ ಹೊತ್ತಿಗೆ ಓಣಿ ಆ ಅಡ್ಡಗೀಟಿಗೆ ತನ್ನದೇ ಅರ್ಥ ಕಟ್ಟಿತು. ನಿನ್ನೆ ತೊಟ್ಟಿಲಲ್ಲಿದ್ದ ಕೂಸು ಇವತ್ತು ಊರಲ್ಲಿದೆ. ಒಯ್ದವರು ಯಾರು? ಯಾವ ಬಸ್ಸಿಗೆ ಹೋಯಿತು? ಹಗಲು ಬರುವ ಆ ಹೆಂಗಸನ್ನು ಕಂಡವರು ಯಾರು? ಹಡಗಿನ ಫಾರಿನ್ನವರಿಗೆ ಮಾರಿದ್ದಾನೆ ಎಂದು ಒಬ್ಬ ಹೇಳಿದ. ಹಡಗು ಆಗಲೇ ಹೊರಟಿತು, ನಾನೇ ನೋಡಿದೆ ಎಂದು ಇನ್ನೊಬ್ಬ ಹೇಳಿದ. ಹಡಗು ಹೊರಟದ್ದು ಖರೆಯೇ, ಕಲ್ಲಿದ್ದಲು ಇಳಿಸಿದ ಮೇಲೆ ಅದಕ್ಕೆ ಇಲ್ಲೇನು ಕೆಲಸ? ಆದರೂ ಅಂದು ಪರಮಣ್ಣನ ಮನೆಗೆ ಪಲ್ಯ ಬರಲಿಲ್ಲ, ಬಾಗಿಲ ಮುಂದೆ ಹಾಯುವವರು ಸರಿದು ಹಾದರು. ಹಿಂದಿನ ಒಂಟಿತನವೇ ವಾಸಿ ಎನ್ನಿಸಿತು. ಅದರಲ್ಲಿ ಕನಿಷ್ಠ ಬೈಗುಳವಿರಲಿಲ್ಲ.

ಮರುದಿನ ಪರಮಣ್ಣ ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲಿ ನರ್ಸಬಾಯಿ, ಜೊತೆಗೆ ಒಬ್ಬ ಪೊಲೀಸ್ ಹವಾಲ್ದಾರ, ಹಿಂದೆ ಇಡೀ ಓಣಿ. ಹವಾಲ್ದಾರ ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ನೀರಿನ ಡ್ರಮ್ಮಿನಲ್ಲಿ ಲಾಠಿ ಅದ್ದಿ ನೋಡಿದ. ಆಮೇಲೆ ತೊಟ್ಟಿಲನ್ನು ತೋರಿಸಿದ. ದುರ್ಗಾಬಾಯಿ ಮುಂದೆ ಬಂದು, ದೇವರ ಹೆಸರು ಹೇಳಿ, ಟವೆಲು ಬಿಚ್ಚಿದಳು. ಕುಲಾಯಿ ಹಾಕಿಕೊಂಡ ಗುಂಡುಕಲ್ಲು ಎಲ್ಲರಿಗೂ ದರ್ಶನ ಕೊಟ್ಟಿತು.

ಓಣಿಯೆಲ್ಲ ತೊಟ್ಟಿಲ ಮೇಲೆ ಬಾಗಿತು.

"ನಾ ಎರಡ ಜೋಗುಳಾ ಹಾಡಿದ್ದು ಈ ಕಲ್ಲಿಗೇನೋ, ಮಳ್ಳ ಮೂಳಾ?" ಎಂದು ಕಿರುಚಿದಳು ದುರ್ಗಾಬಾಯಿ.

"ಯೇ ಕ್ಯಾ ಹೈ?" ಎಂದ ಹವಾಲ್ದಾರ.

"ಗುಂಡುಕಲ್ಲು ಸಾಹೇಬ. ಖಾಲಿ ತೊಟ್ಟಿಲಾ ತೂಗಬಾರದಲ್ರೀ," ಎಂದ ಪರಮಣ್ಣ.

ಮೈಬೂಬಸಾಬ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ. ಹವಾಲ್ದಾರ ಗಂಭೀರವಾಗಿ ತಲೆಯಾಡಿಸಿ, ಅದು ಸರಿ, ತನ್ನ ತಾಯಿಯೂ ಹಾಗೇ ಹೇಳುತ್ತಾಳೆ ಎಂದ. ಕಾನೂನಿಗೆ ಅಲ್ಲಿಯತನಕ ಸಮಾಧಾನವಾಯಿತು. ಆದರೆ ಕೂಸೇ ಇಲ್ಲದವನಿಗೆ ತೊಟ್ಟಿಲು ಯಾಕೆ, ಬಾಟಲಿ ಯಾಕೆ?

ಆಗ ಪರಮಣ್ಣ ಎಲ್ಲವನ್ನೂ ಹೇಳಿದ. ಅತ್ತೆ, ಅಂಗೈ, ತುಟಿಯ ಗುಳ್ಳೆ, ಒಂದನ್ನೂ ಬಿಡಲಿಲ್ಲ. ನಗು ತಡೆಯಲಾರದೆ ಇಬ್ಬರು ಹೊರಗೆ ಹೋದರು.

"ಹಂಗಾರ ಮೊದಲಽ ಕೂಸಿಲ್ಲ ಅಂತ ಹೇಳಾಕ ನಿನಗೇನಾಗಿತ್ತು?" ಎಂದಳು ದುರ್ಗಾಬಾಯಿ.

"ಹೇಳಿದ್ರ ನೀವ್ ಯಾರೂ ಬರ್ತಿದ್ದಿಲ್ರೀ ಅಕ್ಕಾ," ಎಂದ ಪರಮಣ್ಣ. "ನಾ ಒಬ್ಬನಽ ಆಗಿದ್ದೆ. ಭಾಳ ದಿನಾ ಆಗಿತ್ತು ಯಾರರೆ ಉಂಡಿಯಾ ಅಂತ ಕೇಳಿ."

ದುರ್ಗಾಬಾಯಿ ಬಿಚ್ಚಿದ ಟವೆಲನ್ನು ಮಡಚಿ ತೊಟ್ಟಿಲೊಳಗೆ ಇಟ್ಟಳು. ನರ್ಸಬಾಯಿಗೆ ಮಾತ್ರ ಈ ಕಥೆಯಿಂದ ಏನೂ ಉಪಯೋಗವಿರಲಿಲ್ಲ; ಬಾಗಿಲಿಗೆ ಅಡ್ಡಗೀಟು ಬಿದ್ದಿದೆ, ಅಳಿಸಬೇಕಾದರೆ ಒಂದು ಕೂಸು ಬೇಕೇ ಬೇಕು ಎಂದು ಹಟ ಹಿಡಿದಳು.

ಅಷ್ಟರಲ್ಲಿ ಜನರನ್ನು ಸೀಳಿಕೊಂಡು, ಕೈಯಲ್ಲಿ ಚೀಲ ಹಿಡಿದು, ಬಾಳಮ್ಮ ಒಳಗೆ ನುಗ್ಗಿದಳು. ಹಿಂದೆ ಗೀತಾಂಜಲಿ, ಬಸ್ಸಿನ ನಿದ್ದೆಗೇಡಿಗೆ ಕಣ್ಣು ಕೆಂಪಾಗಿತ್ತು, ಸೊಂಟದ ಮೇಲೆ ಮುತ್ತು.

"ಎಲ್ಲಿ ಅದಾಳ ಆ ಹಗಲ ಹೊತ್ತಿನಾಕಿ?" ಎಂದಳು ಬಾಳಮ್ಮ. "ಎಲ್ಲೈತಿ ಆಕಿ ಕೂಸು?"

"ಮಿಲ್ ಗಯಾ!" ಎಂದು ಹವಾಲ್ದಾರ ಗೀತಾಂಜಲಿಯ ಸೊಂಟದತ್ತ ಲಾಠಿ ತೋರಿಸಿದ. ಯಾರು ಏನು ಎನ್ನುವಷ್ಟರಲ್ಲಿ ನರ್ಸಬಾಯಿ ಮುತ್ತುವಿನ ಗಲ್ಲ ಒತ್ತಿ ಎರಡು ಹನಿ ಬಿಟ್ಟು, ಬಾಗಿಲ ಅಡ್ಡಗೀಟನ್ನು ಸೆರಗಿನಿಂದ ತಿಕ್ಕಿ ಅಳಿಸಿದಳು. ಓಣಿ "ಹೋ!" ಎಂದಿತು. ಸರಕಾರದ ಪಾಲಿಗೆ ಪ್ರಕರಣ ಮುಗಿದಿತ್ತು. ನರ್ಸಬಾಯಿ, ಹವಾಲ್ದಾರ ಇಬ್ಬರೂ ಮುಂದಿನ ಮನೆಗೆ ನಡೆದರು.

"ಇದು ನನ್ನ ಕೂಸು!" ಎಂದಳು ಗೀತಾಂಜಲಿ, ಅಳುತ್ತ. "ಅವರ ಕೂಸು ಎಲ್ಲಿ?"

ದುರ್ಗಾಬಾಯಿ ಕಲ್ಲನ್ನು ಕುಲಾಯಿ ಸಮೇತ ಎತ್ತಿ ತಂದು ಅವಳ ಕಾಲ ಬಳಿ ಇಟ್ಟಳು. "ಇದಽ ನೋಡವಾ ನಿನ್ನ ಸವತಿ ಕೂಸು. ನಾನೂ ತೂಗಿ ಹಾಡೇನಿ, ಅಳೂದು ಗಿಳೂದು ಏನೂ ಇಲ್ಲ."

ಪರಮಣ್ಣ ಹೇಳಿದ್ದನ್ನೆಲ್ಲ ಅವಳೇ, ನಡುನಡುವೆ ಮೈಬೂಬಸಾಬನ ಸಾಕ್ಷಿ ಸೇರಿಸಿ, ಗೀತಾಂಜಲಿಗೆ ಹೇಳಿ ಮುಗಿಸಿದಳು. ಬಾಳಮ್ಮ ಅರ್ಧ ನಂಬಿದಳು. ಉಳಿದರ್ಧಕ್ಕೆ ಪರೀಕ್ಷೆ ಬೇಕಲ್ಲ? ಕೂಸು ಹಸಿದು ಕೊಸರಾಡತೊಡಗಿತ್ತು. "ಹಂಗಾರ ಕಾಸ್ರಿ ನೋಡೂನು," ಎಂದು ನೆಲಕ್ಕೆ ಕೂತಳು.

ಪರಮಣ್ಣ ಕೈ ತೊಳೆದ. ಬಾಟಲಿ, ನಿಪ್ಪಲು ಕುದಿಸಿದ. ಹಾಲು ಕಾಯಿಸಿ, ಆರಿಸಿ, ತುಂಬಿ, ಒಲೆಯಿಂದ ಇಳಿಸಿದ ನೀರಿನಲ್ಲಿ ನಿಲ್ಲಿಸಿದ. ತೆಗೆದು ಅಲುಗಾಡಿಸಿ, ನಾಡಿಯ ಮೇಲೆ ಹನಿಸಿ, ಒಂದು ಗಳಿಗೆ ತಾಳಿ, ಇನ್ನೊಂದು ಹನಿಸಿದ. ಬಾಟಲಿಯನ್ನು ಅತ್ತೆಯ ಮುಂದೆ ಹಿಡಿದ. ಬಾಳಮ್ಮ ತನ್ನ ಕೈಯ ಮೇಲೆ ಹನಿಸಿಕೊಂಡಳು.

"ಬರೋಬ್ಬರಿ ಐತಿ," ಎಂದಳು ಬಾಳಮ್ಮ, ಒಲ್ಲದ ಮನಸ್ಸಿನಿಂದ. "ಆದ್ರ ಕೂಸು ಬಾಟ್ಲಿ ಬಿಟ್ಟು ಭಾಳ ದಿನಾ ಆತು. ಹೊಟ್ಟಿ ಕೆಟ್ಟಿತ್ತು, ದವಾಖಾನಿ ನರ್ಸ ಬಾಟ್ಲಿ ಬ್ಯಾಡ ಅಂದ್ಲು. ಈಗ ಬಟ್ಲದಾಗ ಕುಡೀತೈತಿ, ರೊಟ್ಟಿ ತಿಂತೈತಿ."

ಪರಮಣ್ಣ ಬಾಟಲಿ ಹಿಡಿದುಕೊಂಡೇ ನಿಂತ. ಮಗಳನ್ನು ಅವನು ಆಗ ಸರಿಯಾಗಿ ನೋಡಿದ. ಅವನ ಮನಸ್ಸಿನಲ್ಲಿ ಇಷ್ಟು ದಿನ ಹಾಲು ಕುಡಿಯುತ್ತಿದ್ದುದು ತೊಡೆಯ ಮೇಲೆ ಮಲಗುವ ಐದು ತಿಂಗಳ ಕೂಸು. ಇದು ಬೇರೆ ಯಾರೋ. ತಾಯಿಯ ಸೀರೆ ಹಿಡಿದು ನೆಟ್ಟಗೆ ನಿಂತು, ಇವನನ್ನು ಬಸ್ಸಿನಲ್ಲಿ ಕಂಡ ಪರಕೀಯರನ್ನು ನೋಡುವ ಹಾಗೆ ನೋಡುತ್ತಿತ್ತು. ಓಣಿಯ ಜನ ಒಬ್ಬೊಬ್ಬರೇ ತಲೆ ತಗ್ಗಿಸಿ ಹೊರಗೆ ಸರಿದರು.

"ನನಗ ಯಾರೂ ಹೇಳಲಿಲ್ಲಲ್ರೀ," ಎಂದ.

"ಫೋನಿನ್ಯಾಗ ಹೇಳಾಕ ಪುರಸೊತ್ತು ಎಲ್ಲಿತ್ತು?" ಎಂದಳು ಬಾಳಮ್ಮ, ಮೆತ್ತಗೆ. "ಏಳ ಗೀತಾ. ಸವತಿ ಇಲ್ಲಂದಮ್ಯಾಲೆ ನಮಗಿಲ್ಲೇನು ಕೆಲಸ? ಸಂಜೀ ಬಸ್ಸಿಗೆ ಹೋಗೂನು. ಈ ತಗಡಿನ ಖೋಲ್ಯಾಗ, ಈ ಕರಿ ಧೂಳಿನ್ಯಾಗ ಕೂಸು ಹೆಂಗಿರತೈತಿ? ಉಗಾದಿ ಆಗಲಿ, ನೋಡೂನು."

ಗೀತಾಂಜಲಿ ಚೀಲದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಹೋಗಬೇಡವೆನ್ನುವ ಅಧಿಕಾರ ತನಗಿದೆಯೆಂದು ಪರಮಣ್ಣನಿಗೆ ಅನ್ನಿಸಲಿಲ್ಲ. ಮಗಳೆದುರು ಕುಕ್ಕರುಗಾಲಲ್ಲಿ ಕೂತು, ಮುಟ್ಟಲು ಹೆದರಿ, ಕೈ ಹಿಂದಕ್ಕಿಟ್ಟುಕೊಂಡು ಕೇಳಿದ.

"ಹಲ್ಲು ಯಾವಾಗ ಬಂದ್ವು?"

"ದೀಪಾವಳಿಗೆ," ಎಂದಳು ಗೀತಾಂಜಲಿ.

"ಕುಂದ್ರೂದು?"

"ಅದಕ್ಕೂ ಮೊದಲ. ದಸರಾಕ್ಕ."

"ಅಪ್ಪಾ ಅಂತೈತೇನು?"

ಗೀತಾಂಜಲಿ ಕೂಸಿನ ಅಂಗಿ ಸರಿಪಡಿಸುತ್ತ ಹೇಳಿದಳು. "ಅಂತೈತ್ರಿ. ನಮ್ಮಪ್ಪಗ ಅಂತೈತಿ."

ಪರಮಣ್ಣ ತಲೆಯಾಡಿಸಿದ. "ನಿಂದರೂದು?" ಎಂದ.

"ಮೊನ್ನೆ ಸಂಕ್ರಮಣಕ್ಕ ನಿಂತ್ಲು."

"ಮತ್ತ ನಡಿಯೂದು?"

"ಇಲ್ಲ. ಇನ್ನೂ ನಡದಿಲ್ಲ."

"ಇನ್ನೂ ಇಲ್ಲ?" ಎಂದ ಪರಮಣ್ಣ. ಅವನ ಮುಖ ನೋಡಲಾರದೆ ದುರ್ಗಾಬಾಯಿ ಗೋಡೆಯ ಕಡೆ ತಿರುಗಿದಳು. "ಹಂಗಾರ ಅದೊಂದು ಉಳದೈತಲ್ಲ."

ಗೀತಾಂಜಲಿ ಎದ್ದು ತಾಯಿಯ ಕೈಯಿಂದ ಚೀಲ ತೆಗೆದುಕೊಂಡಳು. ಕೂಸಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಹಲಗೆಯ ಮೇಲೆ ಇಡತೊಡಗಿದಳು.

"ಅವ್ವಾ, ಸಂಜೀ ಬಸ್ಸಿಗೆ ನೀ ಹೋಗು," ಎಂದಳು. "ಇಕಿ ನಡಿಯೂದನ್ನ ಅವರು ನೋಡ್ಲಿ."